ಸಾಹುಕಾರನ ಎಡಗಾಲು

ಗಡಿಯಾರ ರಿಪೇರಿಯವನ ಕೈ ನಡುಗಿದ್ದನ್ನು ಆ ಬೀದಿಯಲ್ಲಿ ಕಂಡವರೇ ಇರಲಿಲ್ಲ. ಒಮ್ಮೆ ಭೂಮಿ ಕಂಪಿಸಿದಾಗ ಅಕ್ಕಪಕ್ಕದ ಅಂಗಡಿಯವರೆಲ್ಲ ಕಂಬಗಳನ್ನು ಬಿಟ್ಟು ಓಡಿ ಬಂದು ಅವನ ಕೈ ಹಿಡಿದುಕೊಂಡು ನಿಂತಿದ್ದರು. ಸುಳ್ಳು ಎನ್ನುವವರು ಎದುರಿನ ಬೇಕರಿಯವನನ್ನು ಕೇಳಬಹುದು. ಎಡಗೈ ಹಿಡಿದಿದ್ದವನು ಅವನೇ.

ಅಂಥ ಕೈ ಒಂದು ಸಂಜೆ ಐದೂ ನಲವತ್ತಕ್ಕೆ ನಡುಗಿತು.

ಬಾಗಿಲಲ್ಲಿ ಸಿಟಿ ಬಸ್ಸಿನ ಡ್ರೈವರಮ್ಮ ನಿಂತಿದ್ದಳು. ಡ್ಯೂಟಿ ಅಂಗಿಯ ತೋಳು ಮಡಚಿ, ಕರುವಿನಷ್ಟು ದೊಡ್ಡ ಕಂದು ನಾಯಿಯನ್ನು ಎತ್ತಿಕೊಂಡಿದ್ದಳು. ಮೂರು ವರ್ಷದಿಂದ ಅವಳ ಬಸ್ಸು ದಿನಕ್ಕೆ ಎಂಟು ಸಲ ಅಂಗಡಿ ಮುಂದೆ ಹಾದುಹೋಗುತ್ತಿತ್ತು. ಎಂಟು ಸಲವೂ ಅವನು ತಲೆಯೆತ್ತುತ್ತಿದ್ದ. ಅವಳಿಗೆ ಅದು ಗೊತ್ತಿಲ್ಲವೆಂದೇ ಅವನ ನಂಬಿಕೆ.

"ನಿಮ್ಮ ಹತ್ರ ಸಣ್ಣ ಚಿಮಟ ಇರುತ್ತಲ್ವಾ? ನಮ್ಮ ಸಾಹುಕಾರ ಗಾಜು ತುಳಿದ್ಬಿಟ್ಟಿದಾನೆ. ಕ್ಲಿನಿಕ್ ಮುಚ್ಚಿದೆ."

"ನಾನು... ಗಡಿಯಾರ..."

"ಗೊತ್ತು. ನಾನೂ ನೋಡ್ದೆ, ಚೂರು ಕಾಣಿಸ್ತಾನೇ ಇಲ್ಲ. ನಿಮ್ಮ ಕಣ್ಣಿಗೆ ಎಲ್ಲಾ ಕಾಣ್ಸುತ್ತಂತೆ." ಸ್ವಲ್ಪ ತಡೆದು, "ಬಸ್ಸು ಕೂಡ" ಎಂದಳು.

ಅವನು ತಕ್ಷಣ ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಬೇರೆ ಊರಿನಲ್ಲಿ ಪ್ರಾಣಿಗಳ ಡಾಕ್ಟರು.

"ಆಳಕ್ಕೆ ಹೋಗಿದ್ರೆ ಮುಟ್ಬೇಡ, ನನ್ನ ಹತ್ರ ಕರ್ಕೊಂಡು ಬಾ. ಮೇಲೇ ಇದ್ರೆ ಮೆಲ್ಲಗೆ ಎಳಿ. ಉಗುರುಬೆಚ್ಚಗಿನ ನೀರಲ್ಲಿ ತೊಳಿ, ಶುಭ್ರವಾದ ಬಟ್ಟೆ ಒತ್ತಿ ಹಿಡಿ. ಆಮೇಲೆ ಗಾಯದ ಔಷಧಿ ಹಚ್ಚಿ ಸಡಿಲವಾಗಿ ಬ್ಯಾಂಡೇಜು ಸುತ್ತು, ದಿನಾ ಬಿಚ್ಚಿ ನೋಡಿ ಹೊಸದು ಕಟ್ಟು. ರಕ್ತ ನಿಲ್ಲದಿದ್ರೆ ಆಗ್ಲೂ ಇಲ್ಲಿಗೇ ಬಾ. ಅಲ್ವೋ, ನಾಯಿ ಕಂಡ್ರೆ ಕುರ್ಚಿ ಹತ್ತೋನು ನೀನು! ಯಾರದಪ್ಪಾ ಇದು, ಅಷ್ಟೊಂದು ಬೇಕಾದವ್ರು?"

ಫೋನು ಸ್ಪೀಕರಿನಲ್ಲಿತ್ತು. ಡ್ರೈವರಮ್ಮ ಗೋಡೆಯ ಗಡಿಯಾರಗಳನ್ನು ಬಹಳ ಶ್ರದ್ಧೆಯಿಂದ ಎಣಿಸತೊಡಗಿದಳು.

ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಏನಾಯ್ತು?"

"ಇಲ್ಲಿ... ಒಂದು ಊರೇ ಇದೆ."

ಎಡ ಮುಂಗಾಲಿನ ಕರಿ ಮೆತ್ತೆಯ ಮೇಲೆ ಸಾವಿರ ಪುಟ್ಟ ಗುಡ್ಡಗಳು, ನಡುವೆ ಬಿರುಕಿನ ದಾರಿಗಳು, ಒಂದು ದಾರಿಯಲ್ಲಿ ಸೆಕೆಂಡ್ ಮುಳ್ಳಿಗಿಂತ ಸಣ್ಣ ಗಾಜು ಮಿನುಗುತ್ತಿತ್ತು. ಕಲ್ಲು, ಡಾಂಬರು, ಬಿಸಿಲು ಎಲ್ಲವನ್ನೂ ಬರಿಗಾಲಲ್ಲೇ ತುಳಿದು ಬಂದ ಪಾದ ಒಳಗೆ ಮಗುವಿನ ಕೆನ್ನೆಯಂತೆ ಮೆತ್ತಗಿತ್ತು. ಅವಳೂ ಭೂತಗನ್ನಡಿಯಲ್ಲಿ ನೋಡಿದಳು. ಇಬ್ಬರ ಹಣೆ ತಾಗಿತು.

"ಅಯ್ಯೋ, ಇಷ್ಟೆಲ್ಲಾ ಹೊತ್ಕೊಂಡು ಓಡಾಡ್ತಾನಾ ಇವನು?" ಎಂದು ಪಿಸುಗುಟ್ಟಿದಳು.

ಚಿಮಟ ಇಳಿಯಿತು, ಗಾಜು ಬಂತು. ಸಾಹುಕಾರ ಒಮ್ಮೆ ನಿಟ್ಟುಸಿರು ಬಿಟ್ಟ, ಅಷ್ಟೇ. ತೊಳೆದು, ಬೆರಳ ಸಂದಿಯ ತೇವ ಒರೆಸಿ, ಅಕ್ಕ ಹೇಳಿದ ಔಷಧಿ ಹಚ್ಚಿ, ಒಂದು ಬೆರಳು ತೂರುವಷ್ಟು ಸಡಿಲವಾಗಿ ಬ್ಯಾಂಡೇಜು ಸುತ್ತಿದ. ನೆಕ್ಕದಿರಲಿ ಎಂದು ಮೇಲೆ ತನ್ನದೇ ಕಾಲುಚೀಲ ತೊಡಿಸಿದ.

"ದಿನಾ ಬಿಚ್ಚಿ, ನೋಡಿ, ಹೊಸದು ಕಟ್ಬೇಕಂತೆ" ಎಂದ, ನೆಲ ನೋಡುತ್ತ.

"ಹಾಗಾದ್ರೆ ನಾಳೆ. ಐದೂ ನಲವತ್ತು."

ದಿನವೂ ಐದೂ ನಲವತ್ತಕ್ಕೆ ಕಾಲುಚೀಲ ಬಿಚ್ಚಿಕೊಂಡಿತು. ಒಂದು ದಿನ ಕೆಂಪು ಕಡಿಮೆ. ಮತ್ತೊಂದು ದಿನ ಅಂಚುಗಳು ಹತ್ತಿರ. ಅವನು ಪ್ರತಿ ಸಲವೂ ಬೆರಗಾಗಿ ಕೂತುಬಿಡುತ್ತಿದ್ದ.

"ಇಪ್ಪತ್ತೆರಡು ವರ್ಷ ಆಯ್ತು ಈ ಕೆಲಸಕ್ಕೆ. ಒಂದು ಗಡಿಯಾರನಾದ್ರೂ ತಾನಾಗೇ ವಾಸಿ ಆಗಿದ್ದು ನೋಡಿಲ್ಲ ನಾನು. ಇದು ನೋಡಿ, ಯಾರೂ ಕೂಡಿಸ್ಲಿಲ್ಲ, ಯಾರೂ ಕೀ ಕೊಡ್ಲಿಲ್ಲ."

"ಬಸ್ಸೂ ಅಷ್ಟೇ. ಕೆಟ್ರೆ ಕೆಡ್ತು" ಎಂದಳು ಅವಳು. ಆದರೆ ನೋಡುತ್ತಿದ್ದದ್ದು ಗಾಯವನ್ನಲ್ಲ.

ಒಂಬತ್ತನೇ ದಿನ ಗಾಯ ಪೂರ್ತಿ ಕೂಡಿತು. ಅಕ್ಕಿಕಾಳಿನಷ್ಟು ಗುಲಾಬಿ ಗೆರೆ ಮಾತ್ರ ಉಳಿದಿತ್ತು. ಅವನು ಆ ಗೆರೆಯನ್ನೇ ನೋಡುತ್ತ ಕೂತ. ನಾಳೆಯಿಂದ ಅವಳು ಯಾಕೆ ಬರಬೇಕು? ದಿನಕ್ಕೆ ಎಂಟು ಸಲ ಗಾಜಿನಾಚೆ ಹಾದುಹೋಗುವ ಅದೇ ಬಸ್ಸು. ಮತ್ತೆ ಮೂರು ವರ್ಷ. ಆಮೇಲೆ ಇನ್ನೂ ಮೂರು.

"ವಾಸಿ ಆಯ್ತಾ?"

ಹುಟ್ಟಿದಾಗಿನಿಂದ ಐದು ನಿಮಿಷ ಹೆಚ್ಚುಕಡಿಮೆ ಹೇಳದವನು, "ಇನ್ನೊಂದು ದಿನ ಕಟ್ಟಿದ್ರೆ ಒಳ್ಳೇದು" ಎಂದ.

ಸಾಹುಕಾರ ಅವನತ್ತ ತಲೆ ಹಾಕಿ ಅಂಗಾತ ಹೊರಳಿದ್ದ. ಅವಳು ನಾಯಿಯ ಹೊಟ್ಟೆ ಕೆರೆಯುತ್ತ ನಗುತ್ತಿದ್ದಳು. ಗಡಿಯಾರ ರಿಪೇರಿಯವನು ಬ್ಯಾಂಡೇಜು ಸುತ್ತಿದ.

ಮರುದಿನ ಸಾಹುಕಾರ ಬೀದಿಗೆಲ್ಲ ಕಾಣುವಂತೆ ಕುಂಟುತ್ತ ಬಂದ. ಇವನು ಬ್ಯಾಂಡೇಜು ಬಿಚ್ಚಿದವನೇ ಬೆಚ್ಚಿಬಿದ್ದ.

"ಗುರುತೇ ಇಲ್ಲ! ಗೆರೆ ಕೂಡ ಇಲ್ಲ! ಒಂದೇ ರಾತ್ರೀಲಿ! ಅಕ್ಕಂಗೆ ಹೇಳ್ಬೇಕು, ಇದು ಪುಸ್ತಕಕ್ಕೆ ಹೋಗೋ ವಿಷ್ಯ..."

"ಆ ಇನ್ನೊಂದು ಕಾಲು ನೋಡಿ."

ಇನ್ನೊಂದು ಕಾಲಿನಲ್ಲಿ ಗುಲಾಬಿ ಗೆರೆ ತಣ್ಣಗೆ ಕೂತಿತ್ತು.

ಅವನ ಕಿವಿ ಬಿಸಿಯಾಯಿತು. "ನಂದು ಗಡಿಯಾರಾನ ಹಿಂದಿನಿಂದ ಬಿಚ್ಚೋ ಕೆಲಸ. ತಿರುಗಿಸಿ ಹಾಕಿದ್ರೆ ಎಡ ಬಲ ಆಗುತ್ತೆ ಅಂತ ನನಗಲ್ದೆ ಇನ್ಯಾರಿಗೆ ಗೊತ್ತಿರ್ಬೇಕು? ನಿಮಗೆ ಯಾವಾಗ ಗೊತ್ತಾಯ್ತು?"

"ನೀವು ಕಟ್ತಾ ಇದ್ದಾಗ್ಲೇ."

"ಹೇಳ್ಬೇಕಲ್ವಾ ಮತ್ತೆ?"

"ಹೇಳಿದ್ರೆ ಬಿಚ್ಚಿಬಿಡ್ತಿದ್ರಿ."

ಗೋಡೆಯ ಮೇಲಿನ ನಲವತ್ತೊಂದು ಗಡಿಯಾರಗಳೂ ಒಂದು ಕ್ಷಣ ಕಿವಿ ನಿಮಿರಿಸಿದವು. ಸಾಹುಕಾರ ಯಾವ ಕಾಲಲ್ಲಿ ಕುಂಟಬೇಕೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡಿದ.

"ಇನ್ನು ಕಟ್ಟೋಕೆ ಕಾಲಿಲ್ಲ. ನಾಳೆ... ಕಾರಣ ಇಲ್ದೇನೂ ಬರ್ತೀರಾ?" ಎಂದು ಅವನು ಕೇಳಿದ. ಚಿಮಟ ಹಿಡಿದ ಬೆರಳುಗಳು ಟಕಟಕ ನಡುಗುತ್ತಿದ್ದವು. ಮುಚ್ಚಿಡಲು ಅವನು ಪ್ರಯತ್ನಿಸಲಿಲ್ಲ.

"ಮೂರು ವರ್ಷದಿಂದ ಈ ಅಂಗಡಿ ಮುಂದೆ ಬಸ್ಸು ಯಾಕೆ ನಿಧಾನ ಆಗುತ್ತೆ ಅಂತ ಪ್ಯಾಸೆಂಜರ್ಸ್ ಎಲ್ಲಾ ಕೇಳಿದಾರೆ ಕಣ್ರೀ" ಎಂದಳು ಅವಳು. "ನೀವೊಬ್ರು ಕೇಳ್ಲಿಲ್ಲ."

ಚಿಮಟ ತೆಗೆದು ಮೇಜಿನ ಮೇಲಿಟ್ಟು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆ ಸಂಜೆ ಭೂಮಿ ಅಲುಗಲೇ ಇಲ್ಲ ಎಂದು ಬೇಕರಿಯವನು ಇವತ್ತಿಗೂ ವಾದಿಸುತ್ತಾನೆ. ಅವನಿಗೇನು ಗೊತ್ತು? ಈ ಸಲ ಕೈ ಹಿಡಿದುಕೊಂಡಿದ್ದವನು ಅವನಲ್ಲ.