ತಿಪ್ಪಿಗೆ ಹಾಕಿದ ಹಾಡು

“ಅಯ್ಯ, ಅದನ್ನ ಅಲ್ಲಿ ಹಾಕಬ್ಯಾಡ್ರಿ! ಅದು ಅಭಂಗ ಅಲ್ರೀ!”

ಒಂದು ಚಪ್ಪಲಿ ಬಿಟ್ಟು ಇನ್ನೊಂದು ಕಾಲಲ್ಲೇ ಇರುವಾಗ ತುಳಸಿ ಬಾಗಿಲಿನಿಂದಲೇ ಕೂಗಿಬಿಟ್ಟಿದ್ದಳು.

ಕಂಪ್ಯೂಟರಿನಲ್ಲಿ ಹಾಡು ಹಚ್ಚಿ, ಅದನ್ನು ‘ಅಭಂಗ’ ಎಂಬ ಫೋಲ್ಡರಿಗೆ ಎಳೆಯುತ್ತಿದ್ದ ಹುಡುಗ ಬೆಚ್ಚಿ ತಿರುಗಿದ. ಕೈ ತಗುಲಿ ಕಪ್ಪು ಉರುಳಿ, ಪ್ಯಾಂಟಿನ ಮೇಲೆಲ್ಲ ಚಹಾ! ಅದನ್ನು ಒರೆಸಿಕೊಳ್ಳುವುದು ಬಿಟ್ಟು ಅವನು ಅವಳನ್ನೇ ನೋಡುತ್ತ ಕೂತ. ತುಳಸಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

“ಪಣ್... ಆದ್ರ ಲಾಸ್ಟ್‌ಕ್ಕ ವಿಠ್ಠಲ ಅಂತಾರಲ್ರಿ?”

“ವಿಠ್ಠಲ ಅಂದ ಕೂಡ್ಲೆ ಮರಾಠಿ ಅಭಂಗ ಆಗತೈತೇನ್ರಿ? ಅದು ದಾಸರ ಪದ. ಅಪ್ಪಟ ಕನ್ನಡದ್ದು!”

ಅವನು ತಲೆ ಕೆರೆದುಕೊಂಡ. ವಿಠ್ಠಲ ಎಂದ ಹಾಡನ್ನೆಲ್ಲ ಬೆಳಗಿನಿಂದ ಒಂದೇ ಫೋಲ್ಡರಿಗೆ ತುಂಬಿದ್ದ. ಇನ್ನು ಅದನ್ನೆಲ್ಲ ಹೊರಗೆ ತೆಗೆಯಬೇಕು!

“ನಂಗ ಕನ್ನಡ ತಿಳೀತದ. ಮಾತಾಡ್ಲಿಕ್ಕೆ ಜರಾ ಗಡಬಡ ಆಗ್ತದ. ಓದ್ಲಿಕ್ಕಂತೂ ಬರೂದೇ ಇಲ್ಲ,” ಎಂದ.

ಕನ್ನಡ ಓದಲು ಬಾರದವನು ಕನ್ನಡ ಹಾಡು ವಿಂಗಡಿಸಲು ಕೂತಿದ್ದಾನೆ! ತುಳಸಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಪ್ರೀತಿ ಎಲ್ಲಿಂದ ಶುರುವಾಗುತ್ತದೆ ಎಂದು ಯಾರು ಕಂಡಿದ್ದಾರೆ? ಇವರದ್ದು ಒಂದು ತಪ್ಪು ಫೋಲ್ಡರಿನಿಂದ ಶುರುವಾಯಿತು.

ತುಳಸಿ ಇಳಕಲ್ಲಿನವಳು. ಬ್ಯಾಂಕಿನ ವರ್ಗಾವಣೆ ಅವಳನ್ನು ನಾಸಿಕಕ್ಕೆ ತಂದು ಹಾಕಿತ್ತು. ಪೆನ್ಶನ್ ಕೆಲಸಕ್ಕೆ ಬಂದ ಮುದುಕರೊಬ್ಬರು ಅವಳ ಬಾಯಲ್ಲಿ ಊರ ಕಡೆಯ ಮಾತು ಕೇಳಿ ಅಲ್ಲೇ ಕರಗಿಹೋಗಿದ್ದರು. “ರವಿವಾರ ಮನಿಗೆ ಬಾರವ್ವಾ. ರೊಟ್ಟಿ, ಮುಳಗಾಯಿ ಪಲ್ಯ ಮಾಡ್ತೀನಿ.” ಅವರೇ ತಿಪ್ಪಣ್ಣ. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಈ ಚಹಾ ಚೆಲ್ಲಿಕೊಂಡ ಹುಡುಗ ಅವರ ಒಬ್ಬನೇ ಮಗ ಉತ್ಕರ್ಷ. ಸಿನ್ನರ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್.

ತಿಪ್ಪಣ್ಣನವರು ಜೀವಮಾನವಿಡೀ ಕೂಡಿಟ್ಟದ್ದು ಹಾಡು. ರೇಡಿಯೋದಿಂದ ಹಿಡಿದದ್ದು, ಸೊಲ್ಲಾಪುರದಲ್ಲಿ ಕೊಂಡದ್ದು, ಕಾಲನಿಯ ಕನ್ನಡಿಗರು ಹಬ್ಬಕ್ಕೆ ಹಾಡಿದ್ದು... ಗೋಡೆ ತುಂಬ ಕ್ಯಾಸೆಟ್ಟು! ಅವನ್ನೆಲ್ಲ ಉತ್ಕರ್ಷ ಹಾರ್ಡ್ ಡಿಸ್ಕಿಗೆ ಇಳಿಸಿದ್ದ. ಆದರೆ ಯಾವುದಕ್ಕೂ ಹೆಸರಿಲ್ಲ. ಒಂದೊಂದನ್ನೂ ಕೇಳಿಯೇ ವಚನವೋ, ಲಾವಣಿಯೋ, ಭಾವಗೀತೆಯೋ ಎಂದು ಗುರುತಿಸಬೇಕು.

ಅಂದು ಊಟಕ್ಕೆ ಕೂತಾಗ ತಿಪ್ಪಣ್ಣನವರು ತಮ್ಮ ಹೆಸರಿನ ಕಥೆ ಹೇಳಿದರು.

“ನನಗಿಂತ ಮೊದಲ ಹುಟ್ಟಿದ ಕೂಸು ಒಂದೂ ಉಳೀಲಿಲ್ಲವ್ವಾ. ಅದಕ್ಕ ನಮ್ಮವ್ವ ನನ್ನ ಒಯ್ದು ತಿಪ್ಪಿ ಮ್ಯಾಲೆ ಇಟ್ಲು. ಬಾಜೂ ಮನಿ ಶಾಂತಾಬಾಯಿ ಎತ್ತಿಕೊಂಡ್ಲು. ಆಕಿಗೆ ಒಂದ್ ಸೇರು ಜ್ವಾಳ ಕೊಟ್ಟು ನನ್ನ ವಾಪಸ್ ಬಿಡಿಸ್ಕೊಂಡ್ಲು! ಕೆಟ್ಟ ಹೆಸರಿನ ಕೂಸಿಗೆ ಸಾವು ಮುಟ್ಟೂದಿಲ್ಲಂತ; ತಿಪ್ಪಣ್ಣ ಅಂತ ಹೆಸರಿಟ್ಲು. ನೋಡು, ಇನ್ನೂ ರೊಟ್ಟಿ ತಿನ್ನಾಕತ್ತೀನಿ!”

“ನಮ್ಮ ಫ್ಯಾಕ್ಟರಿಯೊಳಗ ಕಚರುಭಾವೂ ಅಂತ ಇದ್ದಾರ. ಕಚರಾ ಅಂದ್ರ ಕಸ. ಸೇಮ್ ಕಹಾಣಿ,” ಎಂದ ಉತ್ಕರ್ಷ. ಮೂವರೂ ನಕ್ಕರು.

ಆಮೇಲೆ ರವಿವಾರ ಬಂತೆಂದರೆ ತುಳಸಿ ಆ ಮನೆಯಲ್ಲಿ.

ಅವಳು ಹಾಡು ಕೇಳಿ ಹೇಳುವಳು, ಅವನು ಎಳೆದು ಹಾಕುವನು. ಫೋಲ್ಡರುಗಳಿಗೆ ಕನ್ನಡದಲ್ಲಿ ಹೆಸರು ಬರೆದವಳು ಅವಳೇ. ಪಕ್ಕದಲ್ಲಿ ಕೂತು ಅವನು ಒಂದೊಂದೇ ಅಕ್ಷರ ಕಲಿತ. ಒಂದು ಕ್ಯಾಸೆಟ್ಟಿನಲ್ಲಿ ಹಾಡಿನ ನಡುವೆ ಕುಕ್ಕರ್ ಕೂಗಿ, ಒಂದು ಕೂಸು ಕಿರುಚಿ ಅತ್ತಿತು.

“ಇದು ಯಾವ ಪ್ರಕಾರ್ರೀ?” ಎಂದಳು.

“ರಾಕ್! ಹಾಡಿದವ ನಾನೇ.”

ಆ ಹಾಡುಗಳು ಅವಳ ಬಾಲ್ಯವನ್ನೂ ಎಳೆದು ತಂದವು. ಮಗ್ಗದ ಸದ್ದು, ಅಜ್ಜಿಯ ಸೆರಗಿನ ವಾಸನೆ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿ... ಊರು ಬಿಟ್ಟು ಇಷ್ಟು ದೂರ ಬಂದು ಊರನ್ನು ಕಂಡೆನಲ್ಲ ಎಂದುಕೊಂಡಳು. ಪಕ್ಕಕ್ಕೆ ನೋಡಿದರೆ ಅವನು. ಎದೆ ಯಾಕೋ ಡವಡವ!

ಒಂದು ಮಧ್ಯಾಹ್ನ ತಿಪ್ಪಣ್ಣನವರು ಒಳಗೆ ಮಲಗಿದ್ದರು. ಉತ್ಕರ್ಷ ಒಂದು ಹಾಡಿನ ಚೂರು ಹಚ್ಚಿದ. ಹೆಣ್ಣು ದನಿ. ಬೀಸುಕಲ್ಲಿನ ಪದ. ಅರ್ಧಕ್ಕೇ ದನಿ ನಿಂತುಹೋಯಿತು.

ಮುಂದಿನ ಸಾಲನ್ನು ತುಳಸಿ ತನಗರಿವಿಲ್ಲದೆ ಗುನುಗಿದಳು. ಅಜ್ಜಿ ಹಾಡುತ್ತಿದ್ದ ಪದ ಅದು.

“ನಿಮಗ ಬರ್ತದ? ಪೂರಾ ಹಾಡ್ರಿ. ರೆಕಾರ್ಡ್ ಮಾಡ್ತೀನಿ.”

“ಬ್ಯಾಡ್ರಿ... ನಾ ಹಾಡೂದು ಬಿಟ್ಟೀನಿ.”

“ಯಾಕ?”

ಅವಳು ತಲೆ ತಗ್ಗಿಸಿದಳು. “ನೋಡಾಕ ಬಂದ ವರನ ಕಡೆಯವರು ಹಾಡು ಅಂದ್ರು. ಹಾಡಿದೆ. ಹುಡುಗಿ ದನಿ ಗಂಡಸರಂಗ ಗಡಸ ಐತಿ ಅಂತ ನಕ್ಕೊಂಡ ಹೋದ್ರು.”

ಅವನು ನಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. “ನಂಗ ಬೇಕ್ರಿ ಆ ಹಾಡು,” ಎಂದ ಅಷ್ಟೆ.

ತುಳಸಿ ಕಣ್ಣು ಮುಚ್ಚಿ ಹಾಡಿದಳು. ಮುಗಿದ ಮೇಲೆ ಅವನು ಹೆಡ್‌ಫೋನ್ ತೆಗೆಯದೆ ಗೋಡೆ ನೋಡುತ್ತ ಬಹಳ ಹೊತ್ತು ಕೂತ.

‘ಒಂದು ಮಾತು... ಚಂದ ಐತಿ ಅಂತ ಒಂದೇ ಒಂದು ಮಾತು ಅನ್ನಬಾರದೆ?’

“ಬರೋಬರ್ ಆತು,” ಎಂದ. ಎದ್ದು ನೀರು ಕುಡಿಯಲು ಹೋದ. ಮೊಳೆ ನೆಟ್ಟಗೆ ಕೂತಿತು ಎಂಬ ಹಾಗೆ!

ಮುಂದಿನ ರವಿವಾರ ಸಿನ್ನರ್‌ನಲ್ಲಿ ಅವನಿಗೆ ಡ್ಯೂಟಿ ಇತ್ತು. ತುಳಸಿ ಒಬ್ಬಳೇ ಕಂಪ್ಯೂಟರ್ ಮುಂದೆ ಕೂತಳು. ಕದ್ದು ತನ್ನ ಹಾಡು ಕೇಳುವ ಆಸೆ. ಜನಪದದ ಫೋಲ್ಡರ್ ತೆರೆದಳು. ಇಲ್ಲ! ಹುಡುಕಿದಳು. ಸಿಕ್ಕಿತು.

ಎಲ್ಲಕ್ಕಿಂತ ಕೆಳಗೆ ಒಂದು ಹೊಸ ಫೋಲ್ಡರ್. ಅದರ ಹೆಸರು... ‘ತಿಪ್ಪಿ’!

ಒಳಗೆ, ಹಾಡಿದ ದಿನದ ತಾರೀಖು ಹೊತ್ತ ಅವಳ ಹಾಡು.

ತುಳಸಿಗೆ ಕಣ್ಣು ಕತ್ತಲಿಟ್ಟಿತು. ಹಚ್ಚಿ ಕೇಳುವುದೂ ಬೇಡವಾಯಿತು. ಹೋದ ವಾರವಷ್ಟೇ ತಿಪ್ಪಣ್ಣನವರು ಹಾಳಾದ ಕ್ಯಾಸೆಟ್ಟುಗಳನ್ನು ತೋರಿಸಿ, “ಕೆಟ್ಟಿದ್ದನ್ನೆಲ್ಲ ತಿಪ್ಪಿಗೆ ಒಗಿಯೋ,” ಎಂದಿದ್ದರು. ಅವನು ಒಗೆದಿದ್ದ! ಅದೂ ತಾನೇ ಕಲಿಸಿದ ಅಕ್ಷರಗಳಲ್ಲಿ, ಅವನೇ ಬರೆದು...

‘ವರನ ಕಡೆಯವರು ಎದುರಿಗೇ ನಕ್ಕಿದ್ದರು. ಇವನು ಹಿಂದಿನಿಂದ...’

ಊಟದ ದಿನ ನಗುತ್ತ ಕೇಳಿದ್ದ ಕಥೆ ಆಗ ಅವಳಿಗೆ ನೆನಪಾಗಲೇ ಇಲ್ಲ. ನೊಂದ ಮನಸ್ಸಿಗೆ ಹಗ್ಗವೂ ಹಾವೇ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ನಮ್ಮ ಹುಡುಗಿ ಕೇಳುವವಳಲ್ಲ, ಬಾಯಿ ಬಿಗಿಹಿಡಿದು ಅಳುವವಳು.

ಮೊದಲಿನ ಔರಂಗಾಬಾದ್ ಆದ ಸಂಭಾಜಿನಗರದ ಚಿಕಲಠಾಣಾ ಶಾಖೆಗೆ ಯಾರಾದರೂ ಹೋಗುತ್ತೀರಾ ಎಂದು ಮ್ಯಾನೇಜರ್ ಕೇಳುತ್ತಲೇ ಇದ್ದರು. ಸೋಮವಾರ ತುಳಸಿ ಹೂಂ ಎಂದಳು.

ಉತ್ಕರ್ಷ ಫೋನ್ ಮಾಡಿದ. ಎತ್ತಲಿಲ್ಲ. ‘ಯಾಕ ಹೋದ್ರಿ?’ ಎಂದು ತಪ್ಪು ತಪ್ಪು ಕನ್ನಡದಲ್ಲಿ ಬರೆದ. ‘ಕೆಲಸ ಮುಗೀತಲ್ರಿ’ ಎಂದು ಉತ್ತರಿಸಿದಳು. ಪಾಪ, ತನ್ನಂಥ ಅರೆಬರೆ ಕನ್ನಡದವನು ಅವಳಿಗೆ ಸಾಕಾದನೇನೋ ಎಂದು ಅವನು ಸುಮ್ಮನಾದ.

ಚಿಕಲಠಾಣಾದಲ್ಲಿ ತಲೆಯ ಮೇಲೆ ವಿಮಾನ ಇಳಿಯುತ್ತಿದ್ದವು. ಬೆಳಗಾದರೆ ಪಕ್ಕದ ಮನೆಯಲ್ಲಿ ಅಭಂಗ. ವಿಠ್ಠಲ ಎಂದ ಕೂಡಲೇ ತುಳಸಿಗೆ ಚಹಾ ಚೆಲ್ಲಿದ ಪ್ಯಾಂಟು ನೆನಪಾಗಿ ನಗು ಬರುವುದು. ನಗುತ್ತ ನಗುತ್ತಲೇ ಅಳು. ರವಿವಾರಗಳಂತೂ ಮುಗಿಯುತ್ತಲೇ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಬ್ಯಾಂಕಿನ ಬಾಗಿಲಲ್ಲಿ ತಿಪ್ಪಣ್ಣನವರು! ಕೈಯಲ್ಲಿ ಪುಟ್ಟ ಡಬ್ಬಿಯಂಥದ್ದು.

“ಎಲ್ಲಾ ಹಾಡು ಇದರಾಗ ಐತವ್ವಾ. ದುಡದಾಕಿ ನೀನು, ನಿನಗೊಂದು ಬ್ಯಾಡ?”

“ಅವರು... ಆರಾಮ ಅದಾರೇನ್ರಿ ಕಾಕಾ?”

“ಏನ್ ಆರಾಮ! ಕೆಲಸ ಮುಗಿಸ್ಯಾನ. ಒಂದು ಹಾಡೂ ಹಚ್ಚೂದಿಲ್ಲ.” ಮುದುಕರು ಅವಳ ತಲೆಯ ಮೇಲೆ ಕೈಯಿಟ್ಟರು. “ನಮ್ಮ ಗೋದಾವರಿ ಹೋದಾಗೂ ಹಿಂಗ ಕುಂತಿದ್ದ. ತಾಯಿ ಹೋದ ದುಃಖ ಬಾಯಿ ಬಿಟ್ಟು ಹೇಳ್ಲಿಲ್ಲ ನೋಡು.”

ರವಿವಾರ ಬೆಳಿಗ್ಗೆ ತುಳಸಿ ಆ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಚ್ಚಿದಳು. ಎಲ್ಲ ಫೋಲ್ಡರೂ ಸಾಲಾಗಿ ನಿಂತಿದ್ದವು. ಕೆಳಗೆ ಅದೇ ‘ತಿಪ್ಪಿ’. ಅಳಿಸಿಹಾಕಿಬಿಡಬೇಕು... ಒಮ್ಮೆ ಕೇಳಿ ಅಳಿಸಿಹಾಕಿಬಿಡಬೇಕು!

ಹಚ್ಚಿದಳು.

ಅವಳ ದನಿ ಬರಲಿಲ್ಲ. ಮೊದಲು ಕೇಳಿಸಿದ್ದು ರೊಟ್ಟಿ ಬಡಿಯುವ ಸಪ್ಪಳ. ಆಮೇಲೆ ಒಬ್ಬ ಹೆಂಗಸು, “ಉತ್ಕರ್ಷಾ, ಬಾಜೂ ಸರಿಯೋ ಪುಟ್ಟಾ, ಹಂಚು ಕಾದೈತಿ... ನನ್ನ ದನಿ ಏನ್ ಹಿಡೀತಿ ಆ ಡಬ್ಬಿಯೊಳಗ?” ಎಂದು ನಕ್ಕಳು. ನಕ್ಕು, ಹಾಡತೊಡಗಿದಳು.

ಬೀಸುಕಲ್ಲಿನ ಪದ. ಅಂದು ಚೂರಷ್ಟೇ ಕೇಳಿದ್ದ ದನಿ.

ಅರ್ಧಕ್ಕೆ ಅದು ನಿಲ್ಲುವ ಜಾಗ ಬಂತು. ಆದರೆ ಹಾಡು ನಿಲ್ಲಲಿಲ್ಲ! ತಾಯಿ ಬಿಟ್ಟ ಸಾಲನ್ನು ತುಳಸಿಯ ದನಿ ಎತ್ತಿಕೊಂಡಿತು. ಅವನು ಎರಡನ್ನೂ ಒಂದೇ ಹಾಡಾಗಿ ಬೆಸೆದಿದ್ದ.

ತಿಪ್ಪಿಯಲ್ಲಿ ಅದೊಂದೇ ಹಾಡು. ಹಾಳಾದ ಕ್ಯಾಸೆಟ್ಟು ಒಂದೂ ಅಲ್ಲಿರಲಿಲ್ಲ.

ಮೊದಲ ಹುಟ್ಟಿದ್ದು ಒಂದೂ ಉಳೀಲಿಲ್ಲ... ಅದಕ್ಕ ತಿಪ್ಪಿ ಮ್ಯಾಲೆ ಇಟ್ಲು...

“ಅಯ್ಯೋ ನನ್ನ ಬುದ್ಧೀಗೆ ಬೆಂಕಿ ಹತ್ಲಿ!” ಎಂದು ತುಳಸಿ ಗಟ್ಟಿಯಾಗಿ ಅತ್ತುಬಿಟ್ಟಳು.

ಮುಖ ತೊಳೆದು ಸಿಕ್ಕ ಮೊದಲ ಬಸ್ಸು ಹತ್ತಿದಳು. ದೌಲತಾಬಾದಿನ ಕೋಟೆ ಕಿಟಕಿಯಲ್ಲಿ ಹಿಂದೆ ಸರಿಯಿತು. ವೈಜಾಪುರ, ಯೇವಲಾ... ಬಸ್ಸು ಇಷ್ಟು ನಿಧಾನ ಯಾಕೆ ಹೋಗುತ್ತದೆ? ಅವನು ಮನೆಯಲ್ಲಿ ಇರದಿದ್ದರೆ? ಇದ್ದೂ ಮಾತಾಡದಿದ್ದರೆ?

ಅವನಿದ್ದ. ಕಂಪ್ಯೂಟರ್ ಆರಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಎದ್ದು ನಿಂತ. ಪುಣ್ಯಕ್ಕೆ ಕೈಯಲ್ಲಿ ಚಹಾ ಇರಲಿಲ್ಲ.

“ನನ್ನ ಹಾಡು ತಿಪ್ಪಿಗೆ ಯಾಕ ಹಾಕಿದ್ರಿ?” ತುಳಸಿ ಹೊಸ್ತಿಲಲ್ಲೇ ನಿಂತು ಕೇಳಿದಳು. ಗೊತ್ತಿದ್ದರೂ ಅವನ ಬಾಯಿಂದಲೇ ಕೇಳಬೇಕಿತ್ತು ಅವಳಿಗೆ.

ಉತ್ಕರ್ಷನಿಗೆ ಅವಳು ಹೋದದ್ದು ಯಾಕೆಂದು ಆಗ ತಿಳಿಯಿತು.

“ನೀವು... ಅದಕ್ಕ ಹೋದ್ರಿ?”

“ಹೇಳ್ರಿ ಮೊದಲ.”

ಅವನು ಮಾತಿಗೆ ತಡಕಾಡಿದ. “ಅವ್ವನ ಹಾಡು ಭಾಳ ಇದ್ವು. ಒಂದು ಡಿಸ್ಕಿನ್ಯಾಗ ಎಲ್ಲಾ ಹಾಕಿದ್ದೆ. ‘ಅವ್ವ’ ಅಂತ ಚಲೋ ಹೆಸರು ಇಟ್ಟಿದ್ದೆ. ಆ ಡಿಸ್ಕ್ ಹೋತು. ಕ್ಯಾಸೆಟ್‌ಗೆ ಬೂಷ್ಟು ಹತ್ತಿತ್ತು. ಈ ಒಂದೇ ಉಳೀತು, ಅದೂ ಅರ್ಧಾ... ಆಮ್ಯಾಲೆ ನಂಗ ಚಲೋ ಹೆಸರು ಇಡ್ಲಿಕ್ಕೆ ಅಂಜಿಕಿ ಬರ್ತದ. ತಿಪ್ಪಣ್ಣ ಅಂತ ಹೆಸರಿಟ್ಟಿದ್ದಕ್ಕ ಬಾಬಾ ಉಳಿದ್ರಲ್ಲ, ಹಂಗ ಇದೂ ಉಳೀಲಿ ಅಂತ...”

“ಆವತ್ತೇ ಹೇಳಬೇಕಿತ್ತಲ್ರಿ!”

“ನೀವು ಹಾಡಿದಾಗ ಅವ್ವ ವಾಪಸ್ ಬಂದಂಗಾತು. ಕನ್ನಡ ಶಬ್ದ ಸಿಗ್ಲಿಲ್ರಿ. ಮರಾಠಿದೂ ಸಿಗ್ಲಿಲ್ಲ.” ಅವನ ಕಣ್ಣು ತುಂಬಿದ್ದವು. “ನಿಮ್ಮ ದನಿ ಗಡಸ ಅಲ್ಲ. ನಂಗ ಅದು... ಮನಿ. ನೀವ್ ನಂಗ ಬೇಕು. ಖರೋಖರ್ ಬೇಕು.”

ತುಳಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವಿನ ನಡುವೆಯೇ ತುಟಿಯ ಅಂಚಿನಲ್ಲಿ ತುಂಟತನ ಇಣುಕಿತು.

“ಬೇಕಾದ್ರ ಹಂಗ ಸಿಗೂದಿಲ್ರಿ. ತಿಪ್ಪಿಗೆ ಹಾಕಿದವರೇ ಜ್ವಾಳ ಕೊಟ್ಟು ಬಿಡಿಸ್ಕೊಬೇಕು. ತರ್ರಿ ಒಂದ್ ಸೇರು!”

ಅವನು ಒಂದು ಗಳಿಗೆ ಪಿಳಿಪಿಳಿ ನೋಡಿದ. ಮರುಗಳಿಗೆ ಅಡುಗೆಮನೆಗೆ ಓಡಿದ. ಒಳಗೆ ಪಾತ್ರೆ ಬಿದ್ದ ಸದ್ದು. “ಏ, ನನ್ನ ಜ್ವಾಳ ಎಲ್ಲಿ ಒಯ್ತೀಯೋ?” ಎಂದು ತಿಪ್ಪಣ್ಣನವರ ಕೂಗು. ಕೂಸಿನಂತೆ ಎರಡೂ ಕೈಯಲ್ಲಿ ದೊಡ್ಡ ಡಬ್ಬಿಯನ್ನು ಅಪ್ಪಿಕೊಂಡು ಅವನು ಬಂದು ಅವಳ ಮುಂದೆ ನಿಂತ.

“ಸೇರು ಎಲ್ಲಿ ಅದ ಗೊತ್ತಾಗ್ಲಿಲ್ಲ. ಪೂರಾ ಡಬ್ಬಿನೇ ತಂದೆ. ಸಾಕಾಗ್ತದ?”

ತುಳಸಿ ಡಬ್ಬಿಯೊಳಗೆ ಕೈಯಿಳಿಸಿದಳು. ಒಂದು ಬೊಗಸೆ ಜೋಳ ತುಂಬಿ ತನ್ನ ಸೆರಗಿಗೆ ಹಾಕಿಕೊಂಡಳು.

“ಇಷ್ಟು ಸಾಕು. ಈಗರ ಆ ಫೋಲ್ಡರ್ ಹೆಸರು ಬದಲಿ ಮಾಡ್ತೀರೇನು?”

ಉತ್ಕರ್ಷ ತಲೆಯಾಡಿಸಿದ.

“ಬ್ಯಾಡ ತುಳಸಿ... ಹಂಗೇ ಇರ್ಲಿ. ಇನ್ನೂ ಭಾಳ ದಿನ ಉಳೀಬೇಕು.”