ಅಪ್ಪನ ಇನ್‌ಕಂಪ್ಲೀಟ್

“ಹನ್ನೊಂದೇ! ಒಂದು ಕ್ರೆಡಿಟ್ ಕಮ್ಮಿ. ಶನಿವಾರ ನಿನ್ನ ಫ್ರೆಂಡ್ ಹಾಲಿ ಮನೇಲಿ ಸ್ಲೀಪ್‌ಓವರ್ ಇಲ್ಲ” ಎನ್ನುತ್ತಾ ಅಪ್ಪ ಫ್ರಿಜ್ ಮೇಲಿನ ಚಾರ್ಟಿನಲ್ಲಿ ‘ಕನ್ನಡ’ದ ಎದುರು ಕೆಂಪು ಪೆನ್ನಿನಲ್ಲಿ F ಬರೆದರು.

“ಸೋ ಅನ್‌ಫೇರ್! ಅಜ್ಜಿ ಹತ್ರ ಪೂರ್ತಿ ಕನ್ನಡದಲ್ಲೇ ಮಾತಾಡಿದೆ!” ಯಾಮಿನಿಗೆ ಅಳುವೇ ಬಂತು.

“ಕೊನೇಲಿ ‘ಲವ್ ಯೂ, ಬೈ’ ಅಂದ್ಯಲ್ಲ ಪುಟ್ಟಿ. ರೂಲ್ ಅಂದ್ರೆ ರೂಲ್.”

ಇದೆಲ್ಲ ಶುರುವಾಗಿದ್ದು ಅಕ್ಕ ಸುಚೇತಾಳಿಂದ. ಅಮೆರಿಕದ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುತ್ತಿದ್ದ ಅವಳು ಒಂದು ದಿನ ಊಟದ ಹೊತ್ತಿಗೆ ಅಲ್ಲಿಯ ಪದ್ಧತಿ ವಿವರಿಸಿದಳು. ಪ್ರತಿ ಸೆಮಿಸ್ಟರ್‌ಗೂ ಕೋರ್ಸ್‌ಗಳನ್ನು ನಾವೇ ಆರಿಸಿಕೊಳ್ಳಬೇಕಂತೆ. ಪಾಸಾದರೆ ಕ್ರೆಡಿಟ್. ಹನ್ನೆರಡು ಕ್ರೆಡಿಟ್‌ನಷ್ಟಾದರೂ ತೆಗೆದುಕೊಳ್ಳದವರು ಫುಲ್‌ಟೈಮ್ ವಿದ್ಯಾರ್ಥಿಗಳೇ ಅಲ್ಲವಂತೆ. ಅಷ್ಟು ಕೇಳಿದ್ದೇ ತಡ, ಡಾಕ್ಟರ್ ಅಪ್ಪನಿಗೆ ಹುಚ್ಚು ಹತ್ತಿತು. ಅವರು ನೆಲೆಸಿದ್ದ ಬ್ರೂಮ್‌ಹಿಲ್‌ನ ಆ ಪುಟ್ಟ ಅಡುಗೆಮನೆಯಲ್ಲಿ ಒಂದು ವಿಶ್ವವಿದ್ಯಾಲಯವೇ ತೆರೆಯಿತು. ವಿದ್ಯಾರ್ಥಿನಿ ಮಾತ್ರ ಒಬ್ಬಳೇ, ಪಾಪ.

‘ಹಾಸಿಗೆ ಮಡಿಸುವುದು’, ‘ಪಾತ್ರೆ ಒರೆಸುವುದು’, ಎಲ್ಲವೂ ಒಂದೊಂದು ಕ್ರೆಡಿಟ್‌ನ ಕೋರ್ಸ್! ಬೇಕೋ ಬೇಡವೋ ಅಂತ ಅವಳನ್ನು ಯಾರೂ ಕೇಳಲಿಲ್ಲ. ಕುಲಪತಿಗಳು ನ್ಯಾಯವಂತರು ನೋಡಿ, ತಮಗೂ ಒಂದು ಕೋರ್ಸ್ ಬರೆದುಕೊಂಡಿದ್ದರು: ‘ಯಾಮಿನಿಯ ಸ್ಕೂಲ್ ಕಾನ್ಸರ್ಟಿಗೆ ಹೋಗುವುದು’.

ಶುಕ್ರವಾರ ಕಾನ್ಸರ್ಟ್. ಯಾಮಿನಿ ರೆಕಾರ್ಡರ್ ಕೊಳಲು ಹಿಡಿದು ವೇದಿಕೆ ಹತ್ತಿದಳು. ಕೆಳಗೆ ಅಮ್ಮ, ಅಕ್ಕ, ಅವರ ಪಕ್ಕದಲ್ಲೊಂದು ಖಾಲಿ ಕುರ್ಚಿ. ಹಾಡು ಮುಗಿದರೂ ಅದು ಖಾಲಿಯೇ ಇತ್ತು.

ರಾತ್ರಿ ಊಟದ ಹೊತ್ತಿಗೆ ಅಪ್ಪ ಬಂದರು. ಕತ್ತಿನಲ್ಲಿ ಆಸ್ಪತ್ರೆಯ ಬ್ಯಾಡ್ಜ್ ಇನ್ನೂ ನೇತಾಡುತ್ತಿತ್ತು.

“ಹೊರಡೋ ಹೊತ್ತಿಗೆ ಒಬ್ರು ಪೇಶೆಂಟ್ ಸೀರಿಯಸ್ ಆಗ್ಬಿಟ್ರು, ಪುಟ್ಟಿ...”

“ರೂಲ್ ಅಂದ್ರೆ ರೂಲ್!” ಯಾಮಿನಿ ಕೆಂಪು ಪೆನ್ನು ಹಿಡಿದುಕೊಂಡೇ ಕಾಯುತ್ತಿದ್ದಳು.

ಅಪ್ಪ ವಾದ ಮಾಡಲಿಲ್ಲ. “F ತಾನೇ? ಬರಿ” ಎಂದು ಕೋಟನ್ನೂ ಬಿಚ್ಚದೆ ಚಾರ್ಟಿನ ಮುಂದೆ ತಲೆ ತಗ್ಗಿಸಿ ನಿಂತರು. ಯಾಮಿನಿಯ ಕೈ ಯಾಕೋ ಮುಂದೆ ಹೋಗಲಿಲ್ಲ.

“ಅಕ್ಕಾ, ಹೀಗಾದ್ರೆ ಅಮೆರಿಕದಲ್ಲಿ ಏನ್ ಮಾಡ್ತಾರೆ?”

“ನಿಜವಾದ ಕಾರಣ ಇದ್ರೆ I ಕೊಡ್ತಾರೆ, ಇನ್‌ಕಂಪ್ಲೀಟ್ ಅಂತ. ಉಳಿದಿದ್ದು ಮುಗಿಸೋಕೆ ಸ್ವಲ್ಪ ಟೈಮ್ ಸಿಗುತ್ತೆ.”

ಯಾಮಿನಿ ದೊಡ್ಡದಾಗಿ I ಬರೆದಳು. “ಅಪ್ಪಾ, ಆ ಪೇಶೆಂಟ್ ಹೇಗಿದಾರೆ?”

“ಈಗ ಪರವಾಗಿಲ್ಲ. ಮಲಗಿದಾರೆ.”

“ಹಾಗಾದ್ರೆ ಕೂತ್ಕೋ. ಈಗ್ಲೇ ಮುಗಿಸು.”

ಅವಳು ರೆಕಾರ್ಡರ್ ತೆಗೆದು ನುಡಿಸಿದಳು. ಅರ್ಧ ಹಾಡಿಗೇ ಅಪ್ಪ ಸೋಫಾ ಮೇಲೆ ಗೊರಕೆ ಹೊಡೆಯತೊಡಗಿದರು. ಯಾಮಿನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಉಳಿದ ಅರ್ಧವನ್ನು ಅವಳು ಮೆತ್ತಗೆ, ಎಬ್ಬಿಸದ ಹಾಗೆ ನುಡಿಸಿ ಮುಗಿಸಿದಳು.

ಬೆಳಿಗ್ಗೆ ಅಪ್ಪ ಆಗಲೇ ಡ್ಯೂಟಿಗೆ ಹೋಗಿದ್ದರು. ಬಾಗಿಲ ಬಳಿ ಅವಳ ಸ್ಲೀಪಿಂಗ್ ಬ್ಯಾಗ್ ಸುತ್ತಿ ಇಟ್ಟಿತ್ತು. ಚಾರ್ಟಿನಲ್ಲಿ ‘ಕನ್ನಡ’ದ ಎದುರಿನ F ಅನ್ನು ಹೊಡೆದುಹಾಕಿ, ಯಾರಿಗೂ ಓದಲಾಗದ ಡಾಕ್ಟರ್ ಅಕ್ಷರದಲ್ಲಿ ಏನೋ ಬರೆದಿತ್ತು. ಯಾಮಿನಿಗೆ ಮಾತ್ರ ಅದು I ಅಂತ ಗೊತ್ತಾಯಿತು.

ಅಪ್ಪನ I ಅನ್ನು A ಮಾಡಲು ಅವಳು ಪೆನ್ನು ತೆಗೆದಳು. ಆಮೇಲೆ ಆ ಗೊರಕೆ ನೆನಪಾಯಿತು. ಅದು ಹಾಗೇ ಇರಲಿ, ಮುಂದಿನ ಟರ್ಮಿನಲ್ಲೂ ಕಾನ್ಸರ್ಟ್ ಇತ್ತು.

ಅವಳು ಪೆನ್ನಿನ ಮುಚ್ಚಳ ಹಾಕಿ, ತನ್ನ I ಮುಗಿಸಲು ಅಜ್ಜಿಗೆ ಫೋನ್ ಮಾಡಿದಳು.