ಒಂಬತ್ತು ಮೀಟರ್ ಕೆಳಗಿನ ಬಿಸಿ

ಹೇಳಿದರೆ ಕೆಲಸಕ್ಕೇ ಕುತ್ತು, ಆದರೂ ಹೇಳಿಬಿಡುತ್ತೇನೆ. ಕರಾವಳಿ ಪರಿಸರ ಕಚೇರಿಯಲ್ಲಿ ಸಮುದ್ರದ ಅಂಕಿಅಂಶ ನೋಡಿಕೊಳ್ಳುವ ಹೊಸಬಳು ನಾನು. ಒಂಬತ್ತು ಮೀಟರ್ ಆಳದಲ್ಲಿ ಕಟ್ಟಿದ ತಾಪಮಾಪಕ ದಿನವಿಡೀ ಇಪ್ಪತ್ತಾರು ಡಿಗ್ರಿ ತೋರಿಸುತ್ತಿತ್ತು. ಮಧ್ಯಾಹ್ನ ಮೂರರಿಂದ ಹನ್ನೊಂದು ನಿಮಿಷ ಮಾತ್ರ ಮೂವತ್ತನಾಲ್ಕು. ಉಪಕರಣದ ದೋಷವೆಂದು ಮೂರು ತಿಂಗಳು ಅದನ್ನು ಅಳಿಸುತ್ತಲೇ ಬಂದೆ.

ನಿನ್ನೆ ನಮ್ಮ ಕಚೇರಿಯ ದೋಣಿಯವನು ಪರೀಕ್ಷೆಗೆಂದು ಅದನ್ನು ಮೇಲೆತ್ತಿ ತಂದು ಮುಷ್ಟಿಯಲ್ಲಿ ಹಿಡಿದ. ಪರದೆಯಲ್ಲಿ ಮೂವತ್ತನಾಲ್ಕು ಬಂತು.

"ಇದಕ್ಕೇನೂ ಆಗಿಲ್ಲ ಕಣಮ್ಮ. ಕೈಯಲ್ಲಿ ಹಿಡಿದ್ರೆ ಇಷ್ಟೇ ಬರೋದು."

ನಾನು ಕೇಳಿದೆ, "ಅಲ್ಲಿ ಕೆಳಗೆ ಯಾರು ಹಿಡೀತಾರೆ?"

ಅವನು ಅದನ್ನು ಮತ್ತೆ ನೀರಿಗಿಳಿಸಿ ಬಂದ.

ಇವತ್ತು ಮೂರಕ್ಕೆ ಮತ್ತೆ ಮೂವತ್ತನಾಲ್ಕು. ಮೊದಲ ಸಲ ಅಳಿಸಲು ಮನಸ್ಸಾಗದೆ ಹಾಗೇ ಬಿಟ್ಟೆ. ಈಗ ಸಂಜೆ ಆರೂವರೆ. ಹನ್ನೊಂದು ನಿಮಿಷಕ್ಕೆ ಇಳಿಯಲಿಲ್ಲ; ಪರದೆಗೆ ಬರುವ ಪ್ರತಿ ಹೊಸ ಅಂಕಿಯೂ ಇನ್ನೂ ಮೂವತ್ತನಾಲ್ಕೇ.